ಕೂರಿಸಿ, ನೀರು ಕೊಟ್ಟು ಹೇಳಬೇಕಾದ ಮಾತು

ಆಗಿನ ಫುಟ್‌ಬಾಲ್ ಚೆಂಡಿನ ಒಳಗೆ ರಬ್ಬರಿನ ಬ್ಲ್ಯಾಡರ್ ಇರುತ್ತಿತ್ತು. ಅದಕ್ಕೆ ಪಂಚರ್ ಹಾಕುವುದು ಸೈಕಲ್ ಟ್ಯೂಬಿಗೆ ಹಾಕಿದಷ್ಟು ಸುಲಭವಲ್ಲ. ಪ್ಯಾಚು ಸ್ವಲ್ಪ ದಪ್ಪವಾದರೂ ಚೆಂಡು ನೆಟ್ಟಗೆ ಹೋಗುವುದಿಲ್ಲ, ಕುಡಿದವನ ಹಾಗೆ ಒಂದು ಕಡೆಗೇ ವಾಲುತ್ತದೆ. ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಸೋದರಮಾವನ ಸೈಕಲ್ ಶಾಪಿನಲ್ಲಿ ಕೂತು ನಾನು ಆ ಕೆಲಸ ಕಲಿತಿದ್ದೆ. ಮೊಹಲ್ಲಾದ ಟೀಮಿಗೆ ನನ್ನಿಂದ ಆಗುತ್ತಿದ್ದ ಸೇವೆ ಅದೊಂದೇ. ಆಡಲು ಬರುತ್ತಿರಲಿಲ್ಲ. ಬರುತ್ತಿತ್ತು ಅಂತ ಈಗ ಹೇಳಿಕೊಂಡರೂ ಅಲ್ಲ ಅನ್ನುವವರು ಯಾರೂ ಉಳಿದಿಲ್ಲ, ಆದರೆ ಬರುತ್ತಿರಲಿಲ್ಲ. ಗೆರೆಯಾಚೆ ನಿಂತು ಕೂಗುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿರಲಿಲ್ಲ. ಭಾನುವಾರ ರೆಫರಿಯನ್ನು ಬೈದು ಬೈದು ಗಂಟಲು ಕಟ್ಟಿ, ಸೋಮವಾರ ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ಕೈಸನ್ನೆಯಲ್ಲೇ ವ್ಯವಹಾರ ಮಾಡುತ್ತಿದ್ದೆ. ಎಲ್ಲರೂ ನನ್ನನ್ನು ಪಂಚರ್ ಅಂತಲೇ ಕರೆಯುತ್ತಿದ್ದರು.

ಟೀಮಿನ ಗೋಲ್‌ಕೀಪರ್ ನನ್ನ ಗೆಳೆಯ. ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲಿ ಅವನ ಮನೆ. ಅವರಪ್ಪ ಹಳ್ಳಿಯಿಂದ ಬಂದ ಗೌಡರು. ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟುಬಂದು ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದರು. ಒಬ್ಬನೇ ಮಗ ಚೆಂಡಿನ ಹುಚ್ಚಿಗೆ ಬಿದ್ದದ್ದು ಅವರಿಗೆ ಇಷ್ಟವಿತ್ತೋ ಇಲ್ಲವೋ, ಆ ಮೀಸೆಯ ಹಿಂದೆ ಏನೂ ಗೊತ್ತಾಗುತ್ತಿರಲಿಲ್ಲ. "ಹತ್ತು ಜನ ಓಡಾಡ್ತಾರೆ, ಇವ್ನೊಬ್ಬ ಕಂಬದ ತಾವ ನಿಂತಿರ್ತಾನೆ. ಕಾವಲು ಕಾಯೋ ಕೆಲ್ಸಕ್ಕೆ ಚಡ್ಡಿ ಯಾಕ್ಲಾ?" ಎಂದು ನನ್ನ ಮುಂದೆಯೇ ಅವನನ್ನು ರೇಗಿಸುತ್ತಿದ್ದರು. ಗೆದ್ದಿರಾ, ಸೋತಿರಾ ಅಂತ ಒಂದು ದಿನವೂ ಕೇಳಿದವರಲ್ಲ. ಅವರದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಬುಟ್ಟೆ?" ನಾಲ್ಕು ಗೋಲು ಹೊಡೆದು ಗೆದ್ದು ಬಂದ ದಿನವೂ ಮಗ ಬಿಟ್ಟುಕೊಟ್ಟ ಗೋಲಿನ ವಿಚಾರವೇ ಅವರಿಗೆ ಬೇಕು. "ಒಂದು ಬುಟ್ಟೆ ಕಣಪ್ಪ" ಅಂದರೆ "ಒಂದು ಬುಟ್ಟೋನು ನಾಳೆ ಹತ್ತು ಬುಡ್ತಾನೆ" ಎಂದು ಎದ್ದು ಕುದುರೆಗೆ ಹುಲ್ಲು ಹಾಕಲು ಹೋಗಿಬಿಡುತ್ತಿದ್ದರು.

ಆದರೆ ಟೀಮು ಬೇರೆ ಊರಿನಲ್ಲಿ ಆಡಿ ಬರುವ ದಿನ ಬೇರೆ ಸವಾರಿ ಎಷ್ಟು ಕರೆದರೂ ಅವರು ಒಪ್ಪುತ್ತಿರಲಿಲ್ಲ. ರೈಲು ಬರುವ ಮುಂಚೆಯೇ ಜಟಕಾ ನಿಲ್ಲಿಸಿಕೊಂಡು ಕಾದಿರುತ್ತಿದ್ದರು. ಅಪರೂಪಕ್ಕೆ ಮಗ ಒಂದೂ ಬಿಡಲಿಲ್ಲ ಅಂದ ದಿನ ಸ್ವಲ್ಪ ಸರಿದು ಕೂತು ಲಗಾಮನ್ನು ಅವನ ಕೈಗೆ ಕೊಡುತ್ತಿದ್ದರು. ನಾನು ಹಿಂದೆ ಕೂತು ಬರುತ್ತಿದ್ದೆ. ಆಮೇಲೆ ಅವನು ಅಂಗಡಿಗೆ ಬಂದು ಮ್ಯಾಚಿನ ಮಾತು ಎರಡು ಆಡಿದರೆ, ಲಗಾಮು ಕೊಟ್ಟ ಮಾತು ಹತ್ತು ಸಲ ಆಡುತ್ತಿದ್ದ.

ಟೀಮು ಊರಿನಲ್ಲಿ ಯಾರಿಗೂ ಬಗ್ಗುತ್ತಿರಲಿಲ್ಲ. ಊರು ಬಿಟ್ಟರೆ ಕಥೆಯೇ ಬೇರೆ. ಬೆಂಗಳೂರಿಗೆ ಹೋದರೆ ಮೂರು ನಾಲ್ಕು ಗೋಲು ತಿಂದುಕೊಂಡೇ ಬರುತ್ತಿದ್ದರು. ಊರಿನ ಆ ತುದಿಯ ಒಂಟಿಕೊಪ್ಪಲಿನ ಹುಡುಗರು ಸೈಕಲ್ಲಿಗೆ ಗಾಳಿ ಹೊಡೆಸಲು ಬಂದಾಗ "ಏನ್ ಪಂಚರ್, ಮನೇಲಿ ಹುಲಿ ಬೀದೀಲಿ ಇಲಿ, ಅಲ್ವಾ ನಿಮ್ ಟೀಮು?" ಎಂದು ಕೆಣಕಿ ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಆದರೆ ಸುಳ್ಳಲ್ಲವಲ್ಲ! ಅಂಥ ಟೀಮು, ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದಾಗ, ಬೆಂಗಳೂರಿನ ಒಂದು ಕಪ್ ಪಂದ್ಯಾವಳಿಯಲ್ಲಿ ಒಂದೊಂದೇ ಮ್ಯಾಚು ದಾಟಿಕೊಂಡು ಫೈನಲ್ ಮುಟ್ಟಿಬಿಟ್ಟಿತು. ಮಾವ ಯಾವುದೋ ಮದುವೆಗೆ ಹೋಗಿದ್ದರಿಂದ ಅಂಗಡಿ ನನ್ನ ತಲೆಗೆ ಬಿದ್ದು, ಫೈನಲ್ಲಿಗೆ ಹೋಗಲು ಆಗಲಿಲ್ಲ. ಆ ಮದುವೆಯ ಗಂಡುಹೆಣ್ಣನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದೆನೋ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಫೈನಲ್ ಭಾನುವಾರ ಸಾಯಂಕಾಲ. ಟೀಮು ಅಲ್ಲೇ ಉಳಿದು ಸೋಮವಾರ ಬೆಳಗಿನ ರೈಲಿಗೆ ಬರುವುದೆಂದು ಮಾತಾಗಿತ್ತು. ಸುದ್ದಿ ತಿಳಿಯುವುದಕ್ಕೂ ಒಂದು ಏರ್ಪಾಡಿತ್ತು. ಸ್ಟೇಷನ್ ರಸ್ತೆಯ ಕಾಫಿ ಹೋಟೆಲಿನಲ್ಲಿ ಫೋನಿತ್ತು. ಹೋಟೆಲ್ ಯಜಮಾನರ ತಮ್ಮ ಬೆಂಗಳೂರಿನಲ್ಲಿ ಫೈನಲ್ ನಡೆಯುವ ಮೈದಾನದ ಹತ್ತಿರ ಅಂಗಡಿ ಇಟ್ಟಿದ್ದರು. ಮ್ಯಾಚು ಮುಗಿದ ಮೇಲೆ ನಮ್ಮ ಟೀಮಿನ ಮ್ಯಾನೇಜರು ಆ ಅಂಗಡಿಯಿಂದ ಹೋಟೆಲಿಗೆ ಟ್ರಂಕ್ ಕಾಲ್ ಮಾಡಬೇಕು, ನಾವೆಲ್ಲ ಅಲ್ಲಿ ಕಾದಿರಬೇಕು.

ಭಾನುವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಹೊರಟಿದ್ದೆ. ಹಿಂದಿನ ಬೀದಿಯಿಂದ ಯಾರೋ ಓಡಿಬಂದು, "ಗೌಡ್ರು ಬಿದ್ಬುಟ್ರು, ಬನ್ನಿ" ಅಂದರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸವಾರಿ ಮುಗಿಸಿ ಬಂದವರು ಕುದುರೆ ಬಿಚ್ಚಿ ಕಟ್ಟಿ, ಅದಕ್ಕೆ ನೀರು ಕುಡಿಸಿ, ಜಗಲಿಯ ಮೇಲೆ ಕೂತು, ಎದೆ ಹಿಡಿದಂಗಾಗ್ತದೆ, ಒಂದಿಷ್ಟು ನೀರು ತತ್ತಾ ಅಂದರಂತೆ. ಗೆಳೆಯನ ತಾಯಿ ಒಳಗಿನಿಂದ ಚೊಂಬು ತರುವಷ್ಟರಲ್ಲಿ ಗೋಡೆಗೆ ಒರಗಿದ್ದವರು ಒರಗಿದ ಹಾಗೇ ಇದ್ದರು. ಗೆಳೆಯನ ತಾಯಿಯನ್ನು ನಾನೂ ಅವ್ವ ಅಂತಲೇ ಕರೆಯುತ್ತಿದ್ದೆ. ಅವ್ವನ ಕೈಯಲ್ಲಿ ಆ ಚೊಂಬು ಇನ್ನೂ ಇತ್ತು.

ಮಗನಿಗೆ ತಿಳಿಸಬೇಕು. ಹೇಗೆ? ನಾನು ಹೋಟೆಲಿಗೆ ಓಡಿ ಟ್ರಂಕ್ ಕಾಲ್ ಬುಕ್ ಮಾಡಿದೆ. ಬಹಳ ಹೊತ್ತಿನ ಮೇಲೆ ಲೈನೇನೋ ಸಿಕ್ಕಿತು, ಆ ಕಡೆ ಫೋನು ಬರೀ ಬಡಿದುಕೊಂಡಿತು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಮ್ಯಾಚು ಬಿಡುವ ಹೊತ್ತಿಗೇ ತೆಗೆಯುವುದು ಅಂತ ಯಜಮಾನರಿಗೆ ಆಮೇಲೆ ನೆನಪಾಯಿತು. ತಂತಿ ಕೊಡೋಣವೆಂದರೆ ಟೀಮು ಯಾವ ಛತ್ರದಲ್ಲಿ ಇಳಿದಿದೆ ಅಂತ ಒಬ್ಬನಿಗೂ ಗೊತ್ತಿಲ್ಲ. ಮೈದಾನದ ಹೆಸರಿಗೇ ತಂತಿ ಹೊಡೆಸಿ ಅಂದ ಒಬ್ಬ ಬುದ್ಧಿವಂತ. ಮೈದಾನ ತಂತಿ ಓದುತ್ತದೆಯೇ ಅಂತ ಅವನ ಮೇಲೆ ರೇಗಿದೆ. ಪಾಪ, ಅವನು ಏನಾದರೂ ಮಾಡೋಣ ಅಂದವನು. ನನ್ನ ಹತ್ತಿರ ಅಷ್ಟೂ ಇರಲಿಲ್ಲ.

ಕೊನೆಗೆ ಉಳಿದದ್ದು ಸಾಯಂಕಾಲ ಮ್ಯಾನೇಜರೇ ಮಾಡುವ ಫೋನು. ಹೋಟೆಲಿಗೆ ಹೋದರೆ ಕಾಲಿಡಲು ಜಾಗವಿಲ್ಲ. ಒಂಟಿಕೊಪ್ಪಲು, ಜಯಲಕ್ಷ್ಮಿಪುರಂ ಕಡೆಯಿಂದೆಲ್ಲ ಜನ ಸೈಕಲ್ ಹತ್ತಿ ಬಂದಿದ್ದರು. ನಮ್ಮ ಬೀದಿಯವರು ಸಾವಿನ ಮನೆಯ ಮುಂದೆ ಇದ್ದದ್ದರಿಂದ ಅಲ್ಲಿದ್ದವರಿಗೆ ಏನೂ ಗೊತ್ತಿರಲಿಲ್ಲ. ಮೊದಲು ಫೋನು ನನ್ನ ಕೈಗೇ ಕೊಡಬೇಕು ಅಂತ ಯಜಮಾನರಿಗೆ ಹೇಳಿ ಗಲ್ಲಾದ ಪಕ್ಕದಲ್ಲೇ ನಿಂತಿದ್ದೆ.

ಗಂಟೆ ಬಡಿಯಿತು. ಯಜಮಾನರು ಕಿವಿಗಿಟ್ಟು "ಹಲೋ" ಅಂದವರು, ಅವರೂ ಮನುಷ್ಯರೇ ತಾನೆ, "ಗೆದ್ರಂತೆ ಕಣ್ರೋ! ಒಂದು ಸೊನ್ನೆ! ನಮ್ಮ ಗೋಲ್‌ಕೀಪರ್ ಪೆನಾಲ್ಟಿ ತಡೆದನಂತೆ!" ಎಂದು ಕಿರುಚಿಬಿಟ್ಟರು. ಹೋಟೆಲು ಹಾರಿಹೋಗುವ ಹಾಗೆ ಕೂಗೆದ್ದಿತು. ಬೆಂಚು ಉರುಳಿತು, ಲೋಟ ಒಡೆಯಿತು, ಗುರುತೇ ಇಲ್ಲದವರು ತಬ್ಬಿಕೊಂಡರು. ಆ ಕ್ಷಣ ನನಗೂ ಗೌಡರು ಸತ್ತದ್ದು ಮರೆತುಹೋಯಿತು. ಪೆನಾಲ್ಟಿ! ಹೊರಗಿನ ಊರಲ್ಲಿ, ಫೈನಲ್ಲಿನಲ್ಲಿ ಪೆನಾಲ್ಟಿ! ಯಾರದೋ ಹೆಗಲು ಹಿಡಿದು ನಾನೂ ನೆಗೆದೆ. ನೆಲಕ್ಕೆ ಕಾಲು ಮುಟ್ಟಿದಾಗ ನೆನಪಾಯಿತು.

ಅಷ್ಟರಲ್ಲಿ ಫೋನು ಯಜಮಾನರ ಕೈಯಿಂದ ಹೋಗಿತ್ತು. ಗೆದ್ದೆವು ಅನ್ನುವುದನ್ನು ಪ್ರತಿಯೊಬ್ಬನಿಗೂ ತನ್ನ ಕಿವಿಯಲ್ಲೇ ಕೇಳಬೇಕು. ಒಬ್ಬ ಕೇಳಿ ಕಿರುಚಿದರೆ ಇನ್ನೊಬ್ಬ ಕಿತ್ತುಕೊಳ್ಳುವುದು, ಅವನು ಕಿರುಚಿ ಮತ್ತೊಬ್ಬನಿಗೆ. "ಕೊಡ್ರೋ, ಸಾವಿನ ಸುದ್ದಿ ಇದೆ ಕಣ್ರೋ!" ಅಂತ ನಾನು ಅರಚುತ್ತಿದ್ದೆ. ನನ್ನ ಗಂಟಲಿನ ಬಗ್ಗೆ ಆಗಲೇ ಹೇಳಿದ್ದೇನಲ್ಲ, ಇಡೀ ಮೈದಾನಕ್ಕೆ ಕೇಳಿಸುವ ಗಂಟಲು ಅದು. ಆ ಹೋಟೆಲಿನಲ್ಲಿ ಪಕ್ಕದವನಿಗೂ ಕೇಳಿಸಲಿಲ್ಲ. ಕೊನೆಗೆ ಫೋನು ನನ್ನ ಕೈಗೆ ಬಂದಾಗ ಎಕ್ಸ್‌ಚೇಂಜಿನ ಹುಡುಗಿ, ಒಂದು ಟ್ರಂಕ್ ಕಾಲಿಗಿದ್ದ ಮೂರು ನಿಮಿಷ ಆಯಿತೆಂದು ಹೇಳಿ ಲೈನು ಕಡಿದಳು. ಮತ್ತೆ ಬುಕ್ ಮಾಡಿಸಿದೆವು. ಲೈನು ಸಿಗುವಷ್ಟರಲ್ಲಿ ಮ್ಯಾನೇಜರು ಅಂಗಡಿಯಿಂದ ಹೊರಟುಹೋಗಿದ್ದರು, ಟೀಮು ಎಲ್ಲಿ ಇಳಿದಿದೆ ಅಂತ ಅಂಗಡಿಯವರಿಗೂ ಗೊತ್ತಿರಲಿಲ್ಲ.

ಗೆಳೆಯನ ಮನೆಗೆ ವಾಪಸ್ಸು ಹೋದೆ. ಗೌಡರನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಅವ್ವ ತಲೆಯ ಹತ್ತಿರ ಕೂತಿದ್ದರು. ಹೋಟೆಲಿನ ಕೂಗು ಅಲ್ಲಿಗೂ ಕೇಳಿಸಿತ್ತು.

"ಗೆದ್ದವ್ನಾ?" ಅಂದರು.

"ಗೆದ್ದವ್ನೆ ಅವ್ವ. ತಿಳಿಸೋಕೇ ಆಗ್ಲಿಲ್ಲ."

ಅವ್ವ ಗೌಡರ ಹೊದಿಕೆಯ ಅಂಚು ಸರಿಮಾಡಿದರು. "ಒಂದು ರಾತ್ರಿ ನೆಮ್ಮದಿಯಾಗಿ ಮಲೀಕೊಳ್ಲಿ ಬುಡು. ನಾಳೆಯಿಂದ ಇದ್ದದ್ದೇ" ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದರು: "ನೀನೇ ಹೋಗಿ ಕರ್ಕೊಂಡು ಬಾ. ನಿಂತಿರೋನ್ಗೆ ಹೇಳ್ಬ್ಯಾಡ ಕಣಪ್ಪ. ಕೂರ್ಸು. ಕುಡಿಯಾಕೆ ನೀರು ಕೊಡು. ನೀರು ಕುಡುದ್ಮೇಲೆ ಹೇಳು. ಅವ್ರು ನೀರು ಕುಡೀದೆ ಹೋದ್ರು, ಅವ್ನ ಎದೆ ಒಣಗೋದು ಬ್ಯಾಡ."

ನಮ್ಮ ಕಡೆ ಸಾವಿನ ಸುದ್ದಿ ಹೇಳುವ ಕ್ರಮವೇ ಅದು. ಹೊರಗಿನಿಂದ ಬಂದವನ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. ಆಗಲಿ ಅವ್ವ ಅಂದೆ. ಕೂರಿಸುವುದು, ನೀರು ಕೊಡುವುದು, ಹೇಳುವುದು. ಇಷ್ಟು ಕೆಲಸ ಒಬ್ಬ ಗೆಳೆಯನಿಂದ ಆಗದೇನು ಅಂದುಕೊಂಡೆ.

ಬೆಳಗಾಗುತ್ತಲೇ ಹಳ್ಳಿಯಿಂದ ನೆಂಟರು ಬಂದರು. ಜೊತೆಯಲ್ಲಿ ತಮಟೆಯವರೂ ಬಂದು ಮನೆಯ ಮುಂದೆ ಬೆಂಕಿ ಹಾಕಿಕೊಂಡು, ತಮಟೆ ಕಾಯಿಸಿ ಬಡಿಯತೊಡಗಿದರು. ಮಗ ಬಂದು ಮುಖ ನೋಡಿದ ಮೇಲೆ ಮಣ್ಣಿಗೆ ಎತ್ತುವುದೆಂದು ಹಿರಿಯರು ನಿಶ್ಚಯಿಸಿದರು. ನಾನೂ ಗೆಳೆಯನ ಸೋದರಮಾವನೂ ಗೌಡರದೇ ಜಟಕಾ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆವು. ದಾರಿಯಲ್ಲಿ ಹೋಟೆಲ್ ಯಜಮಾನರ ಹತ್ತಿರವೂ ಮಾತಾಡಿಕೊಂಡೆ. ಕಪ್ ಗೆದ್ದರೆ ಮೆರವಣಿಗೆ ಮೊದಲು ಹೋಟೆಲಿಗೆ ಬಂದು ಸಿಹಿ ತಿಂದು ಮುಂದೆ ಹೋಗುವುದು ನಮ್ಮ ಪದ್ಧತಿ. ಸ್ಟೇಷನ್ನಿನಲ್ಲಿ ಗೆಳೆಯ ನನ್ನ ಕೈಗೆ ಸಿಗದಿದ್ದರೆ ಯಜಮಾನರು ಅವನನ್ನು ಒಳಗೆ ಕರೆದು ಬಾಗಿಲು ಹಾಕಬೇಕು, ಅಡಿಗೆಮನೆಯಲ್ಲಿ ಕೂರಿಸಬೇಕು. ಉಳಿದದ್ದು ನನ್ನ ಕೆಲಸ. ನೀರು ತುಂಬಿ ಇಟ್ಟಿರುತ್ತೇನೆ ಅಂದರು, ಪುಣ್ಯಾತ್ಮರು.

ಸ್ಟೇಷನ್ನಿನ ಮುಂದೆ ಜಾತ್ರೆ. ಹಾರಗಳು, ಪಟಾಕಿ, ಅದರ ಮೇಲೆ ಬ್ಯಾಂಡ್ ಸೆಟ್ಟು ಬೇರೆ. ಬ್ಯಾಂಡಿನ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ಹುಡುಗನ ಮನೆಯಲ್ಲಿ ಸಾವಾಗಿದೆ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾವಿಗೆ ನಾವು ನುಡಿಸೋದಿಲ್ಲ ಸ್ವಾಮಿ, ಮದುವೆ ಮೆರವಣಿಗೆ ಅಷ್ಟೇ" ಅಂದ. ನುಡಿಸಿ ಅನ್ನಲಿಲ್ಲ ಮಾರಾಯ, ನಿಲ್ಲಿಸಿ ಅಂದೆ ಎಂದರೆ, ಅದನ್ನು ಕರೆದವರು ಹೇಳಬೇಕು ಅಂದ. ಕರೆದವರು ಯಾರು? ಜಯಲಕ್ಷ್ಮಿಪುರಂ ಕಡೆಯ ಕಾಲೇಜು ಹುಡುಗರು. ಅವರಲ್ಲಿ ಮುಂದಾಳಿನ ಹಾಗಿದ್ದವನನ್ನು ಹಿಡಿದು ಹೇಳಿದೆ. ಅವನ ಮುಖ ಸಣ್ಣಗಾಯಿತು. ಛೇ ಛೇ ಅಂದ. ಪಕ್ಕದವನಿಗೂ ಹೇಳಿದ. ಪಕ್ಕದವನೂ ಛೇ ಅಂದ. ಅಷ್ಟರಲ್ಲಿ ರೈಲು ಕೂಗಿತು, ಇಬ್ಬರೂ "ಬಂತು ಬಂತು" ಎಂದು ಪ್ಲಾಟ್‌ಫಾರಮ್ಮಿನ ಕಡೆ ಓಡಿದರು. ಆ ಹುಡುಗರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅವರು ಕೆಟ್ಟವರೇನಲ್ಲ ಅಂತ ಗೊತ್ತಿದ್ದೂ ಇದೆ.

ಗೆಳೆಯ ಇಳಿಯುವುದನ್ನು ನಾನು ನೋಡಲೇ ಇಲ್ಲ. ಬಾಗಿಲಿನಿಂದ ಸೀದಾ ಹೆಗಲಿನ ಮೇಲೆ ಕೂರಿಸಿಕೊಂಡರು. ಕೊರಳ ತುಂಬ ಹಾರ, ಕೈಯಲ್ಲಿ ಕಪ್. ಅದು ಬೆಳಗಿನ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ನಾನು ನುಗ್ಗಿ ನುಗ್ಗಿ ಹೋಗಿ ಅವನ ಕಾಲು ಹಿಡಿದೆ.

"ಲೋ ಪಂಚರ್!" ಎಂದು ಬಗ್ಗಿ ನನ್ನ ತಲೆ ಕೆದರಿದ. "ಪೆನಾಲ್ಟಿ ಕಣೋ! ಎಡಕ್ಕೆ ಹಾರ್‌ಬುಟ್ಟೆ!"

"ಕೆಳಗಿಳಿಯೋ!"

"ಇಳಿಸ್ಬೇಕಲ್ಲೋ ಇವ್ರು!" ಎಂದು ನಕ್ಕ. ನನ್ನ ಕೊರಳಿಗೂ ಯಾರೋ ಒಂದು ಹಾರ ಹಾಕಿದರು. ಹೊರಗೆ ಬಂದೆವು. ಬ್ಯಾಂಡಿನ ದೊಡ್ಡ ಡೋಲಿಗೆ ಬೆದರಿ ಗೌಡರ ಕುದುರೆ ಮುಂಗಾಲೆತ್ತಿ ನಿಂತಿತ್ತು. ಗೆಳೆಯನ ಸೋದರಮಾವ ಅದನ್ನು ಸಂಭಾಳಿಸಲಾಗದೆ ಜಟಕಾವನ್ನು ದೂರಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಗೆಳೆಯ ಮೇಲಿನಿಂದ ಅದನ್ನು ನೋಡಿದ. "ಮಾವ ಯಾಕೆ ಬಂದವ್ರೆ? ಅಪ್ಪ ಎಲ್ಲೋ?" ಅಂದ.

ಹೆಗಲ ಮೇಲೆ ಕೂತು, ಕೈಯಲ್ಲಿ ಕಪ್ ಹಿಡಿದು, ನೂರಾರು ಜನರ ನಡುವೆ ನಗುತ್ತಿದ್ದವನಿಗೆ ಏನು ಹೇಳಲಿ? ಕೂರಿಸಿ, ನೀರು ಕೊಟ್ಟು ಅಂದಿದ್ದರು ಅವ್ವ. "ಮನೇಲವ್ರೆ" ಅಂದೆ. ಸುಳ್ಳೇನಲ್ಲ.

"ಹಂಗಾದ್ರೆ ಮೊದ್ಲು ಮನೇಗೇ ನಡೀರೋ! ಅಪ್ಪಂಗೆ ತೋರ್ಸಾನ!" ಎಂದು ಕೂಗಿದ. ಹೆಗಲು ಕೊಟ್ಟವರಿಗೆ ಅಷ್ಟೇ ಸಾಕಾಗಿತ್ತು.

ಮೆರವಣಿಗೆ ಹೋಟೆಲಿನ ಮುಂದೆ ನಿಲ್ಲಲೇ ಇಲ್ಲ. ಯಜಮಾನರು ಬಾಗಿಲಲ್ಲಿ ನೀರಿನ ಚೊಂಬು ಹಿಡಿದು, ಇನ್ನೊಂದು ಕೈ ಮೇಲೆತ್ತಿ, ನಿಲ್ಲಿ ನಿಲ್ಲಿ ಅನ್ನುತ್ತಿದ್ದರು. ಅವರೂ ಜೈ ಅನ್ನುತ್ತಿದ್ದಾರೆಂದು ತಿಳಿದು ಜನ ಅವರಿಗೇ ಜೈಕಾರ ಹಾಕಿದರು. ನಾನು ಆ ಗುಂಪಿನಲ್ಲಿ ನಡೆದು ಪ್ರಯೋಜನವಿಲ್ಲ ಅಂತ ಓಣಿ ಹಿಡಿದು ಓಡಿದೆ. ಮೊದಲು ತಮಟೆ ನಿಲ್ಲಿಸಬೇಕು, ಅವನು ಬೀದಿಗೆ ಬರುವ ಮುಂಚೆ ಮೂಲೆಯಲ್ಲೇ ಅಡ್ಡಗಟ್ಟಬೇಕು.

ತಮಟೆಯವನಿಗೆ ನಿಲ್ಲಿಸಪ್ಪ ಅಂದೆ. ಅವನು ಊರಿನ ಹಿರಿಯರ ಮುಖ ನೋಡಿದ. ಹಿರಿಯರು, "ಹೆಣ ಎತ್ತೋವರ್ಗೂ ತಮಟೆ ನಿಲ್ಬಾರ್ದು ಕಣಪ್ಪ, ನಿಂಗೆ ಗೊತ್ತಿಲ್ವಾ?" ಅಂದರು. ಗೊತ್ತಿತ್ತು. ಒಳಗೆ ಅವ್ವನ ಹತ್ತಿರ ಹೋದೆ. ಬ್ಯಾಂಡಿನ ಸದ್ದು ಅವ್ವನಿಗೂ ಕೇಳಿಸುತ್ತಿತ್ತು. ಅವರು ಎದ್ದು ಹೋಗಿ ಚೊಂಬಿಗೆ ನೀರು ತುಂಬಿ ತಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಿಡಿದು ಬೀದಿಗೆ ಬರುವುದಕ್ಕೂ ಮೆರವಣಿಗೆ ಮೂಲೆ ತಿರುಗುವುದಕ್ಕೂ ಸರಿಹೋಯಿತು.

ತಮಟೆ ಸಾವಿಗೂ ಬಡಿಯುತ್ತಾರೆ, ಹಬ್ಬಕ್ಕೂ ಬಡಿಯುತ್ತಾರೆ. ಎರಡರ ಬಡಿತದ ಗತ್ತು ಬೇರೆ, ಹಳ್ಳಿಯ ಕಿವಿಗೆ ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತದೆ. ಗೆಳೆಯನಿಗೂ ಗೊತ್ತಾಗುತ್ತಿತ್ತು, ಬ್ಯಾಂಡು ಇಲ್ಲದಿದ್ದರೆ. ಅವನು ಕಂಡದ್ದು ತನ್ನ ಮನೆಯ ಮುಂದೆ ಜನ, ತನ್ನ ಊರಿನ ನೆಂಟರು, ತಮಟೆ. ಹಾರಗಳ ನಡುವೆ ಅವನ ಮುಖ ಅರಳಿತು.

"ನಮ್ಮೂರೋರೂ ಬಂದವ್ರೆ ಕಣ್ರೋ!" ಎಂದು ಕೂಗಿ, ಕಪ್ಪನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ಹೆಗಲ ಮೇಲೆ ಕೂತಲ್ಲೇ ಆ ತಮಟೆಗೆ ಕುಣಿದ.

ಬೀದಿಯವರು ಯಾರೂ ಕದಲಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮೊದಲು ಬ್ಯಾಂಡಿನಲ್ಲಿ ಮುಂದಿದ್ದವರು ನಿಲ್ಲಿಸಿದರು, ಆಮೇಲೆ ಅವರ ಹಿಂದಿನವರು. ಹಿಂದೆ ಇದ್ದ ದೊಡ್ಡ ಡೋಲಿನವನಿಗೆ ಏನೂ ಕಾಣುತ್ತಿರಲಿಲ್ಲವೋ ಏನೋ, ಅವನು ಇನ್ನೂ ನಾಲ್ಕು ಏಟು ಹೊಡೆದ. ಅದೂ ನಿಂತಾಗ ತಮಟೆಯ ಸದ್ದು ಒಂದೇ ಉಳಿಯಿತು. ಗೆಳೆಯನ ಕೈ ಮೇಲೆ ಎತ್ತಿದ್ದ ಹಾಗೇ ಇತ್ತು. ಅವನು ಆ ಸದ್ದನ್ನು ಕೇಳುತ್ತಿದ್ದ.

ಹೆಗಲು ಕೊಟ್ಟವರು ಅವನನ್ನು ಮೆಲ್ಲಗೆ ಇಳಿಸಿದರು. ನಾನು ಚೊಂಬು ಹಿಡಿದು ಎದುರಿಗೆ ಹೋದೆ. "ಇಲ್ಲಿ ಕೂತ್ಕೊಳೋ" ಅಂದೆ. ಕೂರಲಿಲ್ಲ. "ನೀರು ಕುಡಿಯೋ" ಅಂದೆ. ಚೊಂಬನ್ನು ನೋಡಿದ. ಸಾವಿನ ಸುದ್ದಿ ಹೇಗೆ ಹೇಳುತ್ತಾರೆ ಅಂತ ಅವನಿಗೂ ಗೊತ್ತಿತ್ತಲ್ಲ. ನಾನು ಹೇಳಬೇಕಾದ ಮಾತನ್ನು ಆ ನೀರೇ ಹೇಳಿತು. ಕಪ್ಪನ್ನು ನನ್ನ ಇನ್ನೊಂದು ಕೈಗೆ ಕೊಟ್ಟು ಒಳಗೆ ನಡೆದ.

ಹಿಂದೆಯೇ ಹೋದೆ. ಎರಡೂ ಕೈ ತುಂಬಿದ್ದರಿಂದ ಅವನನ್ನು ಹಿಡಿದುಕೊಳ್ಳುವುದಕ್ಕೂ ಆಗಲಿಲ್ಲ. ಅವ್ವ ಸರಿದು ಜಾಗ ಬಿಟ್ಟರು. ಕೊರಳಿನ ಹಾರಗಳನ್ನು ತೆಗೆಯುವುದು ಅವನಿಗೂ ತೋಚಲಿಲ್ಲ, ಯಾರಿಗೂ ತೋಚಲಿಲ್ಲ. ಹಾಗೇ ಅಪ್ಪನ ತಲೆಯ ಹತ್ತಿರ ಮಂಡಿಯೂರಿ ಕೂತ. ಅಳುತ್ತಾನೆ ಅಂದುಕೊಂಡೆವು. ಅವನು ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದು, ದಿನಾ ಹೇಳುವ ದನಿಯಲ್ಲೇ, "ಒಂದೂ ಬುಡ್ಲಿಲ್ಲ ಕಣಪ್ಪ" ಅಂದ.

ಹೇಳಿ, ಅಪ್ಪನ ಮುಖ ನೋಡುತ್ತಾ ಕಾದ.